ವಾಬಾಶ್ ಹೊಳೆಯ ಕೆಸರಿನಿಂದ ಎತ್ತಿದ ಸೈಕಲ್ಲು

ಇಂಡಿಯಾನಾದ ಹಳೇ ಸೈಕಲ್ ಸಂತೆಗೆ ಬರುವವರಲ್ಲಿ ವರ್ನಾ ಪ್ರೂಯಿಟ್‌ಳನ್ನು ಅರಿಯದವರಿಲ್ಲ. ಹೊಸ ಬಣ್ಣ ಬಳಿದು, ಯಾವುದೋ ಕಂಪನಿಯ ಬಿಲ್ಲೆ ಬಡಿದು ತಂದರೂ ಫ್ರೇಮ್ ನೋಡಿಯೇ ಇಂಥದ್ದೆಂದು ಹೇಳಿಬಿಡುವಳು. ಜನ ಅದನ್ನು ಹವ್ಯಾಸವೆಂದುಕೊಂಡಿದ್ದರು. ಅವಳಿಗೆ ಅದನ್ನು ಕಲಿಸಿದ್ದು ಹೆದರಿಕೆ. ಅವಳು ಚಿಕ್ಕವಳಿದ್ದಾಗ, ನೆರೆ ಬಂದ ವರ್ಷ, ಅಣ್ಣ ಡೆಲ್ಬರ್ಟ್ ತನ್ನ ಕೆಂಪು ಶ್ವಿನ್ ಸೈಕಲ್ ಹತ್ತಿ ಹೊಳೆಯ ಕಡೆ ಹೋದವನು ಮರಳಲಿಲ್ಲ. ಹೆಣವೂ ಇಲ್ಲ, ಸೈಕಲ್ಲೂ ಇಲ್ಲ. ಎಲ್ಲೋ ಬದುಕಿದ್ದಾನೆ ಎನ್ನುತ್ತಲೇ ತಾಯಿ ಕಣ್ಣುಮುಚ್ಚಿದಳು. ಅಂದಿನಿಂದ ಹಳೇ ಕೆಂಪು ಸೈಕಲ್ ಕಂಡರೆ ಸಾಕು, ವರ್ನಾಳ ಎದೆ ಧಸಕ್ಕೆನ್ನುತ್ತಿತ್ತು.

ಈ ಸಲ ಗುಜರಿ ವ್ಯಾಪಾರಿ ಹಾರ್ಲನ್ ತನ್ನ ಗಾಡಿಯಿಂದ ಕೆಸರು ಮೆತ್ತಿದ ಸೈಕಲ್ಲೊಂದನ್ನು ಇಳಿಸಿದ.

"ವರ್ನಮ್ಮ, ಇದ್ಯಾವ್ದು ಹೇಳು ನೋಡೋಣ. ಹೊಳೆ ಬತ್ತಿದೆಯಲ್ಲ, ಹಳೇ ಸೇತುವೆ ಕೆಳಗೆ ಸಿಕ್ತು."

ವರ್ನಾಳ ಹೆಜ್ಜೆ ಏಳಲಿಲ್ಲ.

"ಯಾಕೆ, ದೆವ್ವ ಕಂಡಂಗೆ ನಿಂತ್ಬಿಟ್ಟೆ? ಕಚ್ಚಲ್ಲ ಬಾ!"

ಅವಳು ಮಂಡಿಯೂರಿದಳು. ಹಿಂದಿನ ಗಾಲಿಯಿಂದ ಮೇಲೇರುವ ಕೊಳವೆಗಳು ಸೀಟಿನ ಕಂಬಕ್ಕೆ ಬಂದು ನಿಂತರೆ ಅದು ನೇರ ಕಂಬಿಯ ಫ್ರೇಮು, ಡೆಲ್ಬರ್ಟನದು ಅದೇ. ಕಂಬದ ಎರಡೂ ಪಕ್ಕದಿಂದ ದಾಟಿ ಮುಂದಕ್ಕೆ ಬಾಗಿ ಹೋದರೆ ಬೇರೆಯದು. ಬೆರಳು ಕೆಸರಿನೊಳಗೆ ಕೊಳವೆಯ ಜಾಡು ಹಿಡಿದು ಏರಿತು. ಕಂಬ ಸಿಕ್ಕಿತು. ಕೊಳವೆ ನಿಲ್ಲದೆ ಮುಂದೆ ಬಾಗಿತು.

"ಇದಲ್ಲ," ಎಂದು ಬಿಕ್ಕಿದಳು. ಅಷ್ಟು ವರ್ಷ ಬಾಯಿ ಬಿಡದ ಕತೆಯನ್ನೆಲ್ಲ ಹಾರ್ಲನ್‌ಗೆ ಹೇಳಿದಳು.

ಅವನ ನಗು ಇಂಗಿತು. ಟೋಪಿ ತೆಗೆದ. "ಹೇಗೆ ಹೇಳ್ಲಮ್ಮ... ಅಲ್ಲಿ ಇನ್ನೊಂದಿದೆ. ಹೂತ್ಹೋಗಿತ್ತು, ಎಳೆಯೋಕಾಗ್ದೆ ಬಿಟ್ಬಂದೆ."

ಮನೆಗೆ ಓಡಿಹೋಗೋಣವೆನ್ನಿಸಿತು. ಆದರೂ ಅವನ ಗಾಡಿ ಹತ್ತಿದಳು.

ಹಗ್ಗ ಕಟ್ಟಿ ಎಳೆದಾಗ ಕೆಸರು ಅದನ್ನು ಒಲ್ಲದ ಮನಸ್ಸಿನಿಂದ ಬಿಟ್ಟುಕೊಟ್ಟಿತು. ವರ್ನಾ ಕಣ್ಣು ಮುಚ್ಚಿ ಕೈಯಾಡಿಸಿದಳು. ಕೊಳವೆ ಏರಿತು, ಸೀಟಿನ ಕಂಬಕ್ಕೆ ತಾಗಿ ಅಲ್ಲೇ ನಿಂತಿತು. ಇಂಥವು ಊರಲ್ಲಿ ಎಷ್ಟೋ ಇದ್ದವು ಎಂದುಕೊಂಡು ಹ್ಯಾಂಡಲಿನ ಬುಡ ತಡವಿದಳು. ಅಲ್ಲಿ ಹಿತ್ತಾಳೆಯ ಒರಟು ಗಂಟು. ಫ್ರೇಮ್ ಬಿರುಕು ಬಿಟ್ಟಾಗ ಅಪ್ಪ ಕೊಟ್ಟಿಗೆಯಲ್ಲಿ ಕೂತು ತಾನೇ ಬೆಸೆದದ್ದು.

"ಅವನದೇ."

"ಪೊಲೀಸ್ರನ್ನ ಕರೀಲಾ?"

"ಕರಿ. ಅವ್ನೂ ಇಲ್ಲೇ ಎಲ್ಲೋ ಇರ್ತಾನೆ."

ಪೊಲೀಸರು ಬರುವವರೆಗೂ ಅವಳು ಫ್ರೇಮಿನ ಮೇಲಿಟ್ಟ ಕೈ ತೆಗೆಯಲಿಲ್ಲ. ಮೂಳೆಗಳು ಸೇತುವೆಯ ಕಂಬದ ಬುಡದಲ್ಲೇ ಸಿಕ್ಕವು. ಅವನ್ನು ತಾಯಿಯ ಪಕ್ಕದಲ್ಲಿ ಮಣ್ಣು ಮಾಡಿದರು.