ಕಪ್ಪು ಹಾಳೆಯ ಸರ್ವೇ ನಂಬರುಗಳು

ತೆಲುಗು ನಾಡಿನ ಗಡಿಯೂರು ಜಹೀರಾಬಾದಿಗೆ ಬಂದ ಮೂರನೆಯ ವಾರ, ಮೊಸರು ತರಲು ಹೊರಟಿದ್ದ ನನ್ನೆದುರು ಗುರುತಿಲ್ಲದ ಒಬ್ಬರು ಬೈಕ್ ನಿಲ್ಲಿಸಿದರು. ಜೇಬಿನಿಂದ ಮಡಿಚಿದ ಕಾಗದವೊಂದನ್ನು ತೆಗೆದು, "ಮೇಡಮ್ಮೋರೆ, ನಮ್ಮ ಹೊಲ ಯಾವಾಗ ಹೋಗ್ತದ, ಅಷ್ಟ ಹೇಳ್ರಿ" ಎಂದರು. ನೀವು ಬೇರೆ ಯಾರನ್ನೋ ಹುಡುಕುತ್ತಿರಬೇಕು ಎಂದೆ. ಅವರು ನಂಬಲಿಲ್ಲ. ಕಾಗದದಲ್ಲಿದ್ದ ಸರ್ವೇ ನಂಬರನ್ನು ನಾನು ನೆನಪಿಟ್ಟುಕೊಳ್ಳಲಿ ಎಂಬಂತೆ ಎರಡು ಸಲ ನಿಧಾನವಾಗಿ ಓದಿ ಹೊರಟುಹೋದರು. ಮುಂದೆ ಮೊಸರಿನಂಗಡಿಯಲ್ಲಿ ನಾನು ಹೋಗಿ ನಿಂತೊಡನೆ ಇಬ್ಬರು ಹೆಂಗಸರು ಮಾತು ನಿಲ್ಲಿಸಿದರು.

ನಾನು ಮಂಡ್ಯ ಜಿಲ್ಲೆಯವಳು. ಗಂಡನಿಗೆ ಈ ಊರಾಚೆಯ ಕಾರ್ಖಾನೆಯೊಂದರಲ್ಲಿ ಕೆಲಸವಾಯಿತೆಂದು ಬಂದೆವು. ನನ್ನ ಕೆಲಸ ಎಲ್ಲಿ ಕೂತರೂ ಆಗುವಂಥದ್ದು. ಬಾಹ್ಯಾಕಾಶದಲ್ಲಿರುವ ದೂರದರ್ಶಕ ತೆಗೆದ ಚಿತ್ರಗಳನ್ನು ಒಂದು ಅವಧಿಯ ನಂತರ ಎಲ್ಲರಿಗೂ ಬಿಟ್ಟುಕೊಡುತ್ತಾರೆ. ಅವನ್ನು ಇಳಿಸಿಕೊಂಡು, ಮಸುಕಾಗಿ ಕಾಣುವ ದೂರದ ಗೆಲಾಕ್ಸಿಗಳನ್ನು ಹುಡುಕುವುದು ನಮ್ಮ ತಂಡದ ಕೆಲಸ. ತಂಡದವರು ಬೇರೆ ಬೇರೆ ಊರುಗಳಲ್ಲಿದ್ದಾರೆ. ನನ್ನದು ವರ್ಷಕ್ಕೊಮ್ಮೆ ಮುಂದುವರಿಸುವ ಹುದ್ದೆ.

ಕನ್ನಡ ಇರುವ ಊರಿಗೇ ಹೋಗುತ್ತಿದ್ದೇನೆ ಎಂಬ ಧೈರ್ಯ ನನಗಿತ್ತು. ಬಂದ ಮೇಲೆ ಅದು ಕರಗಿತು. ನಾನು ಕನ್ನಡದಲ್ಲಿ ಈರುಳ್ಳಿ ಕೇಳಿದರೆ ಅಂಗಡಿಯವರು ಹಿಂದಿಯಲ್ಲಿ ಉತ್ತರಿಸುತ್ತಿದ್ದರು. ಪಕ್ಕದವರು ಉಳ್ಳಾಗಡ್ಡಿ ಎಂದು ಕೇಳಿದರೆ ಅವರಿಗೆ ಕನ್ನಡ ಬರುತ್ತಿತ್ತು. ತೆಲುಗು ಬಾರದಿದ್ದರೆ ನಡೆಯುತ್ತದೆ, ಇಲ್ಲಿನ ಉರ್ದುವಾದ ದಖನಿ ಬಾರದಿದ್ದರೂ ನಡೆಯುತ್ತದೆ. ಆದರೆ ಕನ್ನಡ ಬಂದೂ ಬಾರದವಳಂತೆ ನಿಲ್ಲುವುದು ಮಾತ್ರ ಕಷ್ಟ. ನಮ್ಮ ಕಡೆ ಹೊಸಬರು ಬಂದರೆ ಮೊದಲ ದಿನವೇ ಊರು, ಮನೆತನ, ಸಂಬಳ ಎಲ್ಲ ಕೇಳಿ ಮುಗಿಸುತ್ತಾರೆ. ಇಲ್ಲಿ ಮನೆಯೊಡತಿಯೊಬ್ಬರನ್ನು ಬಿಟ್ಟರೆ ಯಾರೂ ಏನೂ ಕೇಳಲಿಲ್ಲ. ಕೇಳದೆಯೇ ನನ್ನ ಬಗ್ಗೆ ಏನನ್ನೋ ತಿಳಿದುಕೊಂಡಿದ್ದರು.

ಮನೆಯೊಡತಿ ಭಾಗಮ್ಮ ಕೆಳಗಿನ ಮನೆಯಲ್ಲಿದ್ದರು. ಐವತ್ತೈದರ ಆಸುಪಾಸು, ಕೊರಳಲ್ಲಿ ಲಿಂಗದ ಕರಡಿಗೆ, ಬೆಳಿಗ್ಗೆ ಪೂಜೆಯಾಗದೆ ಚಹಾ ಮುಟ್ಟದವರು. ಬಾಡಿಗೆಗೆ ಅವರು ಕಿರಾಯಿ ಎನ್ನುತ್ತಿದ್ದರು. ಮೊದಮೊದಲು ರೊಟ್ಟಿಯ ಜೊತೆ ಪುಂಡಿಪಲ್ಯ ಕೊಟ್ಟು ಕಳಿಸುತ್ತಿದ್ದರು. ಹುಳಿಯಾದ ಆ ಸೊಪ್ಪಿನ ಪಲ್ಯ ನನಗೆ ಬಹಳ ಹಿಡಿಸಿತ್ತು. ಒಂದು ದಿನ ನಿಮ್ಮದು ಏನು ಕೆಲಸ ಎಂದು ಕೇಳಿದರು. ಮೇಲಿನಿಂದ ತೆಗೆದ ಚಿತ್ರ ನೋಡಿ ನಕ್ಷತ್ರಗಳ ನಕ್ಷೆ ಮಾಡುತ್ತೇನೆ ಎಂದೆ. ಅವರು ತಲೆಯಾಡಿಸಿದರು. ಅದರ ಮರುದಿನದಿಂದ ಪಲ್ಯ ಬರುವುದು ನಿಂತಿತು.

ಬೈಕಿನವರು ಸಿಕ್ಕ ಮೇಲೆ ನನಗೂ ಅನುಮಾನದ ಚಾಳಿ ಹತ್ತಿತು. ಮೆಟ್ಟಿಲ ಮೇಲೆ ಸದ್ದಾದರೆ ಕಿವಿಗೊಡುತ್ತಿದ್ದೆ. ಒಂದು ಮಧ್ಯಾಹ್ನ ಮಾರುಕಟ್ಟೆಯಿಂದ ಬಂದು ನೋಡಿದರೆ ಮೇಜಿನ ಮೇಲಿದ್ದ ಒಂದು ಹಾಳೆ ಇರಲಿಲ್ಲ. ಕಪ್ಪು ಹಿನ್ನೆಲೆಯಲ್ಲಿ ಬಿಳಿ ಚುಕ್ಕೆಗಳು, ಪ್ರತಿ ಚುಕ್ಕೆಗೂ ಒಂದು ಸುತ್ತು, ಸುತ್ತಿನ ಪಕ್ಕ ಒಂದು ಸಂಖ್ಯೆ. ಅದು ನಮ್ಮ ತಂಡ ಗುರುತು ಹಾಕಿ ಸಿದ್ಧಪಡಿಸಿ ಇನ್ನೂ ಹೊರಗೆಡಹದ ಚಿತ್ರ. ಅದರ ಒಂದು ಮೂಲೆಯಲ್ಲಿದ್ದ ಉದ್ದನೆಯ ಕೆಂಪು ಮಸುಕು, ಈವರೆಗೆ ಯಾರೂ ಕಾಣದಷ್ಟು ದೂರದ ಗೆಲಾಕ್ಸಿ ಎಂದು ನಮ್ಮ ತಂಡದ ಹಿರಿಯರು ನಂಬಿದ್ದರು. ಲೇಖನ ಸಿದ್ಧವಾಗುತ್ತಿತ್ತು. ಅದು ಹೊರಬಂದರೆ ನನ್ನ ಹುದ್ದೆಯೂ ಮುಂದುವರಿಯುತ್ತದೆ ಎಂದು ಅವರು ಸೂಚ್ಯವಾಗಿ ಹೇಳಿದ್ದರು.

ಮನೆಯ ಇನ್ನೊಂದು ಬೀಗದ ಕೈ ಭಾಗಮ್ಮನ ಬಳಿ ಮಾತ್ರ ಇತ್ತು. ನೀರಿನ ಪೈಪು ನೋಡಬೇಕಾದರೆ ಅವರೇ ಬಾಗಿಲು ತೆಗೆಯುತ್ತಿದ್ದರು. ಇಳಿದು ಹೋಗಿ ನೇರವಾಗಿಯೇ ಕೇಳಿದೆ. ಸುಳ್ಳು ಹೇಳುತ್ತಾರೆ ಎಂದುಕೊಂಡಿದ್ದೆ. ಅವರು ಹೇಳಲಿಲ್ಲ.

"ನಾನೇ ಒಯ್ದಿನಿ. ನಮ್ಮಣ್ಣಗ ತೋರ್ಸಾಕ. ನೀವು ನಕ್ಷಾ ಮಾಡಾಕ ಬಂದೀರಿ ಅಂತ ನೀವೇ ಅಂದ್ರಿ. ಮ್ಯಾಲಿಂದ ಫೋಟೋ ತಗೀತಾರ ಅಂದ್ರಿ. ನಂಬರ ಹಾಕಿದ ಕಾಗದ ಅದ. ನಮಗ ಶಕ್ ಬರಬಾರದೇನು?"

ಶಕ್ ಎಂದರೆ ಸಂಶಯ. ಇಲ್ಲಿ ನಕ್ಷಾ ಎಂದರೆ ಹೊಲಗಳ ಸರ್ಕಾರಿ ನಕಾಶೆ, ಆಕಾಶದಲ್ಲಿರುವುದು ಚಿಕ್ಕಿ. ನನ್ನ ಮಾತಿನಲ್ಲಿದ್ದ ನಕ್ಷತ್ರ ಅವರ ಕಿವಿಗೆ ಬಿದ್ದಿರಲೇ ಇಲ್ಲ. ಸುತ್ತಲಿನ ಹಳ್ಳಿಗಳಲ್ಲಿ ಸರ್ಕಾರದ ಪಾಲಿಗೆ ಹೊಲ ಹೋಗುತ್ತದೆ ಎಂಬ ಗುಲ್ಲು ಆಗಾಗ ಏಳುತ್ತದಂತೆ. ಈ ಸಲ ಆ ಗುಲ್ಲಿಗೆ ನಾನು ಆಧಾರವಾಗಿದ್ದೆ. ನನಗೆ ನಗು ಬರಲಿಲ್ಲ. ಕೇಳದೆ ಬಾಗಿಲು ತೆಗೆದದ್ದು ತಪ್ಪು ಎಂದೆ. ಹೇಳದೆ ನಕ್ಷಾ ಮಾಡುವುದು ತಪ್ಪಲ್ಲವೇ ಎಂದು ಅವರು ತಿರುಗಿ ಕೇಳಿದರು. ಕೊನೆಗೆ, ಬರುವ ಭಾನುವಾರ ಅಣ್ಣನ ಮನೆಗೆ ಬಂದು ನೀವೇ ಬಿಡಿಸಿ ಹೇಳಿ, ಹಾಳೆ ಅಲ್ಲೇ ಇದೆ ಎಂದರು.

ಅಣ್ಣನ ಮನೆ ಮೊಗುಡಂಪಲ್ಲಿಯ ಬಳಿ. ಬೀದರ್ ಜಿಲ್ಲೆ ಅಲ್ಲಿಂದ ಕೂಗಳತೆ. ಬಸ್ಸಿನಲ್ಲಿದ್ದ ಅರ್ಧ ಜನ ದಿನಾ ಗಡಿ ದಾಟುವವರು. ನಮ್ಮ ಕಡೆಯಂತೆ ಇಲ್ಲೂ ಕಬ್ಬು ಕಂಡಾಗ ಮನಸ್ಸು ಹಗುರಾಯಿತು. ಆದರೆ ನಾಲೆ ಇರಲಿಲ್ಲ, ಬೋರ್‌ವೆಲ್ ನೀರು. ಜಗುಲಿಯ ಮೇಲೆ ಏಳೆಂಟು ಜನ ಕೂತಿದ್ದರು. ಭಾಗಮ್ಮನ ಅಣ್ಣ ಶರಣಪ್ಪ ನನ್ನ ಹಾಳೆಯನ್ನು ಪ್ಲಾಸ್ಟಿಕ್ ಚೀಲದಿಂದ ಜೋಪಾನವಾಗಿ ತೆಗೆದು ನನ್ನ ಮುಂದಿಟ್ಟರು.

ನಾನು ಲ್ಯಾಪ್‌ಟಾಪ್ ತೆರೆದು ಒಂದೊಂದಾಗಿ ತೋರಿಸಿದೆ. ಇದು ಕೆಳಗೆ ನೋಡುವ ಕಣ್ಣಲ್ಲ, ಮೇಲೆ ನೋಡುವ ಕಣ್ಣು. ಇವು ಚಿಕ್ಕಿಗಳು, ಇವು ಚಿಕ್ಕಿಗಳ ದೊಡ್ಡ ಗುಂಪುಗಳು. ಈ ಸಂಖ್ಯೆಗಳನ್ನು ಹಾಕಿದವಳು ನಾನೇ. ಕೆಲವರು ತಲೆದೂಗಿದರು. ಹಿಂದೆ ಕೂತಿದ್ದ ಒಬ್ಬರು, ಮೇಲೆ ನೋಡುವುದನ್ನು ಕೆಳಗೆ ತಿರುಗಿಸಲು ಎಷ್ಟು ಹೊತ್ತು ಬೇಕು ಎಂದು ಕೇಳಿದರು. ಆ ದೂರದರ್ಶಕ ಭೂಮಿಗೆ ಯಾವಾಗಲೂ ಬೆನ್ನು ಹಾಕಿಯೇ ಇರುತ್ತದೆ ಎಂದು ಹೇಳಿದೆ. ಅವರ ಮುಖ ಬದಲಾಗಲಿಲ್ಲ. ಕೊನೆಗೆ ಆ ಕೆಂಪು ಮಸುಕನ್ನು ತೋರಿಸಿ, ಇದೇ ಎಲ್ಲಕ್ಕಿಂತ ದೂರದ್ದು ಎಂದೆ.

ಶರಣಪ್ಪ ಅದನ್ನೇ ನೋಡುತ್ತ, ಅದು ಅಲ್ಲಿದೆ ಎಂದು ನಿಮಗೆ ಹೇಗೆ ಗೊತ್ತು ಎಂದರು. ನಾಲ್ಕು ಸಲ ಚಿತ್ರ ತೆಗೆದು ಕೂಡಿಸುತ್ತೇವೆ, ಕೂಡಿಸಿದಾಗ ಕಾಣುತ್ತದೆ ಎಂದೆ.

"ನಮ್ಮ ಹೊಲ ಅಳದಾಗ ಬಾಂದಿನ ಕಲ್ಲು ಹಳ್ಳದ ನಡುವ ಬಂದಿತ್ತು ನೋಡ್ರಿ, ಕಾಗದದಾಗ. ಒಂದೇ ಕಲ್ಲಿಂದ ಅಳದಿದ್ರು. ಬ್ಯಾರೆ ಬ್ಯಾರೆ ಕಡಿಂದ ಅಳೀರಿ ಅಂತ ಗಂಟುಬಿದ್ದಿವಿ, ಆಗ ತಪ್ಪು ಸಿಕ್ತು. ನೀವು ಕೂಡ್ಸಿದ್ದು ನೋಡೀರಿ. ನಾಕೂ ಬಿಡಿಸಿ ನೋಡೀರೇನು?"

ನೋಡಿರಲಿಲ್ಲ. ಬಿಡಿ ಚಿತ್ರಗಳ ದೋಷಗಳನ್ನು ಹೆಕ್ಕುವ ಕೆಲಸವನ್ನು ಒಂದು ಪ್ರೋಗ್ರಾಂ ಮಾಡುತ್ತದೆ. ಅದು ಸರಿ ಎಂದ ಮೇಲೆ ನಾವು ಮುಂದೆ ಹೋಗಿದ್ದೆವು. ನಿಜ ಹೇಳಬೇಕೆಂದರೆ ಆ ಮಸುಕಿನ ಬಗ್ಗೆ ಒಂದು ಅಳುಕು ತಿಂಗಳಿಂದ ಇತ್ತು. ಹಿರಿಯರ ಉತ್ಸಾಹ ಕಂಡು, ನನ್ನ ಹುದ್ದೆಯನ್ನು ನೆನೆದು, ಅದನ್ನು ತಳ್ಳುತ್ತ ಬಂದಿದ್ದೆ. ಹಾಳೆ ಕದ್ದರು ಎಂದು ಊರಿನವರನ್ನೆಲ್ಲ ಶಂಕಿಸಿದವಳು, ಶಂಕಿಸಲೇಬೇಕಾದುದನ್ನು ಬಿಟ್ಟಿದ್ದೆ. ನೋಡಿಲ್ಲ ಎಂದು ಒಪ್ಪಿಕೊಂಡೆ. ಹಾಳೆಯನ್ನು ಮಡಿಚಿ ಚೀಲಕ್ಕೆ ಹಾಕಿಕೊಂಡೆ.

ಸೋಮವಾರ ಬೆಳಿಗ್ಗೆ ನಾಲ್ಕನ್ನೂ ಬಿಡಿಸಿದೆ. ಮೊದಲ ಚಿತ್ರದಲ್ಲಿ ಮಸುಕು ಢಾಳಾಗಿತ್ತು, ಎರಡನೆಯದರಲ್ಲಿ ಕಡಿಮೆ, ನಾಲ್ಕನೆಯದರಲ್ಲಿ ಇದ್ದೂ ಇಲ್ಲದಂತೆ. ನಾಲ್ಕನ್ನೂ ತೆಗೆದ ಒಂದು ಗಂಟೆಯಲ್ಲಿ ಗೆಲಾಕ್ಸಿ ಹೀಗೆ ಆರುವುದಿಲ್ಲ. ಪ್ರತಿ ಚಿತ್ರಕ್ಕೂ ದೂರದರ್ಶಕ ಕೂದಲೆಳೆಯಷ್ಟು ಸರಿಯುತ್ತದೆ. ಆಕಾಶದ ವಸ್ತುವಾದರೆ ಕ್ಯಾಮೆರಾದೊಳಗೆ ಅದರ ಜಾಗವೂ ಸರಿಯಬೇಕು. ಇದು ಸರಿದಿರಲಿಲ್ಲ. ಸ್ವಲ್ಪ ಮುಂಚೆ ಕ್ಯಾಮೆರಾದ ಅದೇ ಜಾಗಕ್ಕೆ ಬಿದ್ದು ಇನ್ನೂ ಮಾಸದ ಒಂದು ಪ್ರಖರ ನಕ್ಷತ್ರದ ಉಳಿಕೆ ಬೆಳಕು ಅದು. ಗೆಲಾಕ್ಸಿಯ ಆಕಾರ ಎಂದು ನಾವು ಮೆಚ್ಚಿದ ಉದ್ದ, ನಾಲ್ಕು ಚಿತ್ರಗಳನ್ನು ಆಕಾಶಕ್ಕೆ ಹೊಂದಿಸಿ ಕೂಡಿಸಿದ್ದರಿಂದ ಬಂದ ಎಳೆತ ಮಾತ್ರ.

ಹಿರಿಯರಿಗೆ ಬರೆದೆ. ಎರಡು ದಿನ ಉತ್ತರವಿಲ್ಲ. ಆಮೇಲೆ, ಇದನ್ನು ಈಗೇಕೆ ನೋಡಿದಿರಿ ಎಂದು ಒಂದು ಸಾಲು ಬಂತು. ಇಷ್ಟು ದಿನ ಏಕೆ ನೋಡಲಿಲ್ಲ ಎಂದಲ್ಲ. ಲೇಖನ ನಿಂತಿತು. ನನ್ನ ಹುದ್ದೆಯನ್ನು ವರ್ಷದ ಬದಲು ಆರು ತಿಂಗಳಿಗೆ ಮುಂದುವರಿಸಿದರು.

ಭಾಗಮ್ಮನಿಗೆ ಹೇಳಿದಾಗ ಅವರು ಹಿಗ್ಗಲೂ ಇಲ್ಲ, ಮರುಗಲೂ ಇಲ್ಲ. ಬೀಗದ ಕೈಯನ್ನು ತಂದು ನನ್ನ ಮೇಜಿನ ಮೇಲಿಟ್ಟು ಹೋದರು. ಪಲ್ಯ ಮತ್ತೆ ಬರತೊಡಗಿತು, ಆದರೆ ನನ್ನನ್ನು ಕಂಡರೆ ಕೆಲವರು ಈಗಲೂ ಓಣಿಯ ಆಚೆ ಬದಿಗೆ ಸರಿಯುತ್ತಾರೆ. ತವರಿಗೆ ಹೋದಾಗ ನಾನು ನಿಜ ಎನ್ನುವ ಬದಲು ಅರಿಯದೆ "ಖರೇ ಅದ" ಎಂದುಬಿಟ್ಟೆ; ಅಮ್ಮ ಇದ್ಯಾವ ಭಾಷೆ ಎಂಬಂತೆ ನೋಡಿದಳು.

ಹೋದ ತಿಂಗಳು ಮೊಗುಡಂಪಲ್ಲಿಯ ಕಡೆ ಗಡಿಕಲ್ಲುಗಳನ್ನು ಗೊತ್ತುಮಾಡಲು ಸರ್ವೇಯವರು ನಿಜವಾಗಿಯೇ ಬಂದರು. ಶರಣಪ್ಪ ಹೇಳಿಕಳಿಸಿದರು. ಬಿಸಿಲಿನಲ್ಲಿ ಹೊಲದ ಬದುವಿನ ಮೇಲೆ ನನ್ನನ್ನು ನಿಲ್ಲಿಸಿ, ಸರ್ವೇಯವರು ಓದುವ ಅಳತೆಯನ್ನು ಬರೆದುಕೊಳ್ಳಲು ಹೇಳಿದರು. ಯಂತ್ರ ಹಿಡಿದಿದ್ದ ಅಧಿಕಾರಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ಈಕೆ ಯಾರು, ನಿಮ್ಮ ಪೈಕಿಯವರೇ ಎಂದು ತೆಲುಗಿನಲ್ಲಿ ಕೇಳಿದ. ನನಗೆ ಉತ್ತರಿಸಲು ತೆಲುಗು ಸಾಲಲಿಲ್ಲ. ಭಾಗಮ್ಮ ಮುಂದೆ ಬಂದು ಅವನಿಗೆ ತೆಲುಗಿನಲ್ಲಿ ಏನೋ ಹೇಳಿದರು. ಆಮೇಲೆ ನನಗೂ ತಿಳಿಯಲಿ ಎಂದು ಕನ್ನಡದಲ್ಲಿ ಅದನ್ನೇ ಹೇಳಿದರು.

"ಈಕಿ ನಮ್ಮಾಕಿ ಅಲ್ಲ ಅಂದೆ. ಯಾರನ್ನೂ ನಂಬಂಗಿಲ್ಲ, ತನ್ನ ಕಾಗದಾನೂ ನಂಬಂಗಿಲ್ಲ. ಅದಕ್ಕ ನಿಂದರಿಸೀವಿ ಅಂದೆ."

ಅದು ಹೊಗಳಿಕೆಯೋ ಅಲ್ಲವೋ ತಿಳಿಯಲಿಲ್ಲ. ಅಧಿಕಾರಿ ಅಳತೆ ಓದಿದ. ಅದನ್ನು ಬರೆದುಕೊಂಡು, ಇನ್ನೊಂದು ಕಲ್ಲಿನಿಂದ ಮತ್ತೊಮ್ಮೆ ಅಳೆಯುವಂತೆ ಕೇಳಿದೆ.