ನಿಂಬೆಹಣ್ಣಿನ ಮೇಲೆ ನಿಲ್ಲಿಸಿದ ಮೇಜು

ಚಿಕ್ಕಜಾಲದ ಹಿಂದೆ ದೊಡ್ಡಪ್ಪನ ಜಮೀನಿನಲ್ಲಿ ಕಲ್ಲು ತೆಗೆದು ಬಿಟ್ಟ ಗುಂಡಿಯೊಂದಿದೆ. ಅದರಲ್ಲಿ ನೀರು ನಿಂತು ಕೆರೆಯಂತಾದ ಮೇಲೆ ಅವರು ಒಂದು ಹಳೆಯ ಬೋಟು ಕೊಂಡು ತಂದರು. ಲೇಔಟಿನವರು, ನೆಂಟರು, ಯಾರೇ ಬಂದರೂ ಭಾನುವಾರದ ಬಾಡೂಟ ಬೋಟಿನಲ್ಲೇ. ಬಡಿಸುವವಳು ಅಮ್ಮ. ಅಪ್ಪ ತೀರಿಕೊಂಡ ಮೇಲೆ ನಾವಿಬ್ಬರೂ ದೊಡ್ಡಪ್ಪನ ಮನೆಯಲ್ಲಿದ್ದೆವು.

ಬೋಟಿನ ಮೇಜಿಗೆ ಒಂದೇ ಕಾಲು. ಬೋಟಿನ ತಳದ ಮರಕ್ಕೆ ಸ್ಕ್ರೂ ಹಾಕಿದ ಪ್ಲಾಸ್ಟಿಕ್ ಬಟ್ಟಲಿನೊಳಗೆ ಅದನ್ನು ಇಳಿಸಬೇಕು, ಊಟವಾದ ಮೇಲೆ ಕಿತ್ತು ಮನೆಗೆ ಒಯ್ಯಬೇಕು. ಬಿಟ್ಟರೆ ಯಾರಾದರೂ ಕದಿಯುತ್ತಾರೆಂದು ದೊಡ್ಡಪ್ಪನಿಗೆ ಭಯ. ಆಯುಧಪೂಜೆಯ ದಿನ ಕಾರು, ಟ್ರ್ಯಾಕ್ಟರುಗಳನ್ನು ನಿಂಬೆಹಣ್ಣಿನ ಮೇಲೆ ಹತ್ತಿಸಿದರು. ಬೋಟಿಗೆ ಚಕ್ರವಿಲ್ಲ. ಅದರ ಪಾಲಿನ ಹಣ್ಣನ್ನು ಬಟ್ಟಲಿನಲ್ಲಿಟ್ಟು, ಹಲಗೆ ಕಳಚಿದ ಕಾಲನ್ನು ಅದರ ಮೇಲೆ ನಿಲ್ಲಿಸಿ ದೊಡ್ಡಪ್ಪ ಒನಕೆಯಲ್ಲಿ ಗುದ್ದಿದರು. ಹಣ್ಣು ಒಡೆಯಿತು, ಬಟ್ಟಲೂ ಸೀಳಿತು.

ಅಂದಿನಿಂದ ಮೇಜು ಅಲ್ಲಾಡತೊಡಗಿತು. ಮೊದಲ ಸಲ ಸಾರು ಚೆಲ್ಲಿದಾಗ ದೊಡ್ಡಪ್ಪ ಬಟ್ಟಲು ನೋಡಲಿಲ್ಲ, ಅಮ್ಮನ ಕೈ ನೋಡಿದರು.

“ಏನವ್ವಾ, ಇಂಗ್ ನಡುಗ್ತೀಯ? ಕೋಳಿಗೆ ಇನ್ನೂ ಜೀವ ಐತಾ?”

ಎಲ್ಲರೂ ನಕ್ಕರು. ಆಮೇಲೆ ಅದು ಊಟದ ಜೊತೆಗೇ ಸೇರಿಹೋಯಿತು. ದೊಡ್ಡಪ್ಪನ ಹಾಗೆ ಬಂದವರೂ ಬೇಕೆಂದೇ ಮೊಣಕಾಲಿನಿಂದ ಮೇಜು ತಳ್ಳಿ, “ಅಕ್ಕೋ, ಭೂಕಂಪ!” ಎನ್ನುತ್ತಿದ್ದರು.

“ಮೇಜು ಸಡಿಲ ಐತೆ ಭಾವ,” ಎಂದಳು ಅಮ್ಮ ಒಮ್ಮೆ.

“ನಿನ್ ಕೈ ತಪ್ಪು ಮೇಜಿನ ಮೇಲೆ ಹಾಕ್ಬೇಡ.”

ದೊಡ್ಡಪ್ಪನ ಮಗಳ ಮದುವೆ ಮಾತಿಗೆ ಬೀಗರು ಬರುವುದು ಗೊತ್ತಾದಾಗ ಅವರು ಅಮ್ಮನಿಗೆ ಹೇಳಿದರು: “ಅವತ್ತೂ ಚೆಲ್ಲಿದ್ರೆ, ಸಿಂಗಾಪುರದಾಗೆ ನಿಮ್ಮಣ್ಣ ಇಲ್ವಾ, ಅಲ್ಲೇ ಹೋಗಿ ಇದ್ಬುಡು.” ಆ ಅಣ್ಣ ಅಪ್ಪನ ತಿಥಿಗೂ ಬಂದವನಲ್ಲ.

ಬೀಗರು ಬರುವ ಹಿಂದಿನ ದಿನ ನಾನು ಬಟ್ಟಲು ಬಿಚ್ಚಿದೆ. ಕೆಳಗಿನ ಮರ ಮೆತ್ತಗಾಗಿ ಸ್ಕ್ರೂಗಳು ಸುಮ್ಮನೆ ತಿರುಗುತ್ತಿದ್ದವು. ತೂತುಗಳಿಗೆ ಅಂಟು ಸವರಿದ ಬೆಂಕಿಕಡ್ಡಿ ತುಂಬಿ, ಒಣಗಿದ ಮೇಲೆ ಸ್ಕ್ರೂ ಮತ್ತೆ ಕೂರಿಸಿದೆ. ಸೀಳಿದ ಬಟ್ಟಲಿಗೆ ಹೊರಗಿನಿಂದ ಪೈಪಿನ ಕ್ಲಾಂಪ್ ಬಿಗಿದೆ. ಮೇಜಿನ ಕಾಲಿಗೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ ಒತ್ತಿ ಇಳಿಸಿದೆ. ಅಮ್ಮ ಅದರ ಮೇಲೆ ತುಂಬಿದ ಚೊಂಬು ಇಟ್ಟು, ಸೊಂಟದಿಂದ ಮೇಜನ್ನು ತಳ್ಳಿ ನೋಡಿದಳು. ನೀರು ತುಳುಕಲಿಲ್ಲ. ಅಮ್ಮ ನಕ್ಕಳು.

ಮರುದಿನ ಬೀಗರ ಜೊತೆ ಊಟಕ್ಕೆ ಕೂತ ದೊಡ್ಡಪ್ಪ ಅಭ್ಯಾಸದಂತೆ ಮೇಜಿಗೆ ಮೊಣಕಾಲು ಕೊಟ್ಟರು. ಮೇಜು ಕದಲಲಿಲ್ಲ. ಇನ್ನೊಮ್ಮೆ ಕೊಟ್ಟರು.

“ಯಾರು ಇದನ್ನ ಮುಟ್ಟಿದ್ದು?”

“ನಾನು ಸರಿಮಾಡಿದೆ ದೊಡ್ಡಪ್ಪ.”

“ಓಹೋ, ಓದಿರೋ ಮಗಳು! ಒಳ್ಳೇದಾಯ್ತು ಬುಡು. ಇನ್ ಮೇಜಿನ ನೆಪ ಇಲ್ಲ. ಬೀಗ್ರೇ, ಈಗ ನಮ್ಮಮ್ಮಣ್ಣಿ ಕೈ ನೋಡ್ರಿ.”

ಎಲ್ಲರೂ ಮುದ್ದೆ ಮುರಿಯುವುದನ್ನು ನಿಲ್ಲಿಸಿ ಅಮ್ಮನ ಕೈ ನೋಡಿದರು. ಸೌಟು ಪಾತ್ರೆಯಿಂದ ಮೇಲೆದ್ದು ನಿಂತಿತು. ಆಮೇಲೆ ನಡುಗಿತು. ಸಾರು ಬೀಗರ ಬಿಳಿ ಪಂಚೆಯ ಮೇಲೆ ಬಿತ್ತು. ಮೇಜು ಬಂಡೆಯಂತೆ ನಿಂತಿತ್ತು.

“ನಾನೇನ್ ಹೇಳ್ದೆ?” ಎಂದರು ದೊಡ್ಡಪ್ಪ. ಬೀಗರು ಪಂಚೆ ಒರೆಸಿಕೊಳ್ಳುತ್ತಲೇ ನಕ್ಕರು.

ಬೀಗರು ಹೊರಟ ಮೇಲೆ ಬಿಗಿಯಾಗಿ ಕೂತಿದ್ದ ಮೇಜನ್ನು ಎತ್ತಲು ದೊಡ್ಡಪ್ಪನಿಂದ ಆಗಲಿಲ್ಲ. “ತಾಯಿ ಮಗಳು ಸೇರಿ ಕಿತ್ತಿಡಿ. ಆಮೇಲ್ ನಿಮ್ ಬಟ್ಟೆ ಜೋಡಿಸ್ಕಳ್ಳಿ,” ಎಂದು ದಡಕ್ಕೆ ಹತ್ತಿ ಹೋದರು.

ನಾನು ಒಂದು ಬದಿ ಹಿಡಿದೆ, ಅಮ್ಮ ಇನ್ನೊಂದು ಬದಿ. ಅವಳ ಕೈ ನಡುಗುತ್ತಿರಲಿಲ್ಲ.