ಮುಂದಿನ ಸೈಕಲ್ಲಿನ ಗಾದಿಲಿಂಗ

ಹರಪನಹಳ್ಳಿಯ ಹತ್ತಿ ಮಿಲ್ಲಿನಲ್ಲಿ ಎರಡನೇ ಪಾಳಿ ಬಿಡುತ್ತಿದ್ದುದು ರಾತ್ರಿ ಹನ್ನೊಂದಕ್ಕೆ. ತೆಲಿಗಿ ಕಡೆಗೆ ಕೊನೆಯ ಬಸ್ಸು ಹೊರಡುತ್ತಿದ್ದುದು ಒಂಬತ್ತಕ್ಕೆ. ಬಸ್ಸಿನವರು ಮಿಲ್ಲಿಗಾಗಿ ಕಾಯಲಿಲ್ಲ, ಮಿಲ್ಲಿನವರು ಬಸ್ಸಿಗಾಗಿ ಬಿಡಲಿಲ್ಲ. ನಡುವೆ ಸಿಕ್ಕಿಕೊಂಡವರು ತೆಲಿಗಿಯ ಎಂಟು ಮಂದಿ. ಅವರನ್ನು ಒಂಬತ್ತು ವರ್ಷ, ಒಬ್ಬರ ಮೊಣಕಾಲೂ ತರಚದಂತೆ, ಕತ್ತಲ ಹಾದಿಯಲ್ಲಿ ಮನೆ ಮುಟ್ಟಿಸಿದವನು ಗಾದಿಲಿಂಗ.

ಮಿಲ್ಲಿನಲ್ಲಿ ಅವನು ಹತ್ತಿ ತುಂಬಿದ ಅಂಡಿಗೆ ಹೊರುವವನು. ಅಲ್ಲಿ ಅವನ ಮಾತಿಗೆ ಕವಡೆಯ ಕಿಮ್ಮತ್ತಿರಲಿಲ್ಲ. ಗೇಟು ದಾಟಿ ಸೈಕಲ್ಲು ಹತ್ತಿದ ಮೇಲೆ ಮಾತ್ರ ಅವನು ಹೇಳಿದ್ದೇ ವೇದ. ತೊಂಬತ್ತಾರನೇ ಇಸವಿಗೆ ಮುಂಚೆ ಎಲ್ಲರೂ ತಮ್ಮ ಪಾಡಿಗೆ ತಾವು ಹೋಗುತ್ತಿದ್ದರು. ಯಾರಾದರೂ ಹಳ್ಳಕ್ಕೆ ಬಿದ್ದರೆ ಬೆಳಿಗ್ಗೆ ಎಮ್ಮೆ ಹೊಡೆದುಕೊಂಡು ಬಂದವರು ನೋಡಿ ಹೇಳಬೇಕಿತ್ತು. ಇದು ಸರಿಯಲ್ಲ ಎಂದು ಗಾದಿಲಿಂಗ ಎಲ್ಲರನ್ನೂ ಒಂದು ಸಾಲಿಗೆ ತಂದ. ಒಬ್ಬರ ಹಿಂದೆ ಒಬ್ಬರು. ಜೋಡಿಯಾಗಿ ಹರಟೆ ಹೊಡೆಯುತ್ತ ಹೋಗುವಂತಿಲ್ಲ. ಮುಂದಿನವನು ಕೂಗಿದ್ದನ್ನು ಹಿಂದಿನವನು ಕೂಗಬೇಕು, ಅವನದನ್ನು ಅವನ ಹಿಂದಿನವನು. ಸೇತುವೆ ಬಂದಲ್ಲೆಲ್ಲ ಹಿಂದಿನ ಏಳು ಮಂದಿ ಒಂದೊಂದು ಸಲ ಬೆಲ್ಲು ಹೊಡೆಯಬೇಕು. ಮುಂದಿದ್ದವನಿಗೆ ಏಳು ಕೇಳದಿದ್ದರೆ ಎಲ್ಲರೂ ಎಡಗಡೆಯ ಮಣ್ಣಿಗೆ ಇಳಿಯಬೇಕು.

ಎಲ್ಲಕ್ಕಿಂತ ಕಟ್ಟುನಿಟ್ಟಿನ ಮಾತು ಡೈನಮೋದ್ದು. ಚಕ್ರ ತಿರುಗುವ ತನಕ ಮಾತ್ರ ಅದರ ದೀಪ ಉರಿಯುತ್ತದೆ. ಡಾಂಬರಿನ ಮೇಲೆ ನಿಂತು ಕಾಲೂರಿದಿರೋ, ದೀಪ ಆರಿತು, ಲಾರಿಯವನ ಪಾಲಿಗೆ ನೀವು ಇಲ್ಲ. “ಕಾಲು ಊರಿದ್ರ ದೀಪ ಸಾಯ್ತದ. ದೀಪ ಸತ್ರ ನಾವು ಸಾಯ್ತೀವಿ” ಎಂದು ಗಾದಿಲಿಂಗ ಹೊಸಬರಿಗೆ ಕಿವಿ ಹಿಂಡಿ ಹೇಳುತ್ತಿದ್ದ. ಅದಿರಿನ ಲಾರಿಗಳು ಹೆಚ್ಚಾದ ಮೇಲೆ ಆ ಮಾತನ್ನು ಯಾರಿಗೂ ಎರಡನೇ ಸಲ ಹೇಳುವ ಅಗತ್ಯ ಬೀಳಲಿಲ್ಲ. ತುಂಬಿದವು ಹರಿಹರದ ಕಡೆ ತೆವಳುತ್ತಿದ್ದವು. ಖಾಲಿಯಾದವು ಹೊಸಪೇಟೆ ಕಡೆ ಹಗ್ಗ ಹರಿದ ಹೋರಿಗಳಂತೆ ಬರುತ್ತಿದ್ದವು.

ಇಂಥ ಗಾದಿಲಿಂಗನಿಗೆ, ಎರಡು ಸಾವಿರದ ನಾಲ್ಕರ ದಸರೆಯ ಹೊತ್ತಿಗೆ, ರಾತ್ರಿ ಕಣ್ಣು ಕಾಣುವುದು ಕಡಿಮೆಯಾಯಿತು.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಗಾದಿಲಿಂಗ ಬಲ್ಬು ಕೆಟ್ಟಿದೆ ಎಂದ. ಮೂರು ಬಲ್ಬು ಬದಲಾಯಿಸಿದ, ಡೈನಮೋ ಬಿಚ್ಚಿ ಎಣ್ಣೆ ಬಿಟ್ಟ. ಹಗಲು ಎಲ್ಲ ಸರಿ, ಮೈಲಿಯಾಚೆಯ ಬೇವಿನ ಮರದ ಮೇಲಿನ ಕಾಗೆ ಕೂಡ ಕಾಣುತ್ತಿತ್ತು. ಹೊತ್ತು ಮುಳುಗಿತೆಂದರೆ ಕಣ್ಣ ಮುಂದೆ ಕಂಬಳಿ ಎಳೆದಂತೆ. ರಜೆಯ ಒಂದು ಮುಸ್ಸಂಜೆ ಪಡಸಾಲೆಯಲ್ಲಿಟ್ಟ ತುಂಬಿದ ಬಿಂದಿಗೆಯನ್ನೇ ಎಡವಿ ಬಿದ್ದ. ಹೆಂಡತಿ ಭರಮಮ್ಮ ನೀರು ಒರೆಸುತ್ತ ಕೇಳಿದಳು:

“ಬಿಂದಿಗಿ ಕಾಣಲಿಲ್ಲೇನ್ರಿ?”

“ಲೈಟು ಮಂದ ಐತಿ.”

“ಲೈಟು ಯಾವತ್ತಿನಂಗ ಐತಿ. ಮಂದ ಆಗಿರೋದು ನಿಮ್ಮ ಕಣ್ಣು. ನಾನೇನು ಕುರುಡಿ ಅಲ್ಲ, ತಿಂಗಳಿಂದ ನೋಡಾಕತ್ತೀನಿ. ಮುಂದಿನ ಜಾಗ ಸಾಲಿನ ಬಾಲದಾಗ ಬರೋ ಹುಲುಗಣ್ಣಗ ಬಿಟ್ಟುಕೊಡ್ರಿ.”

ಗಾದಿಲಿಂಗ ಒದ್ದೆಯಾದ ಪಂಚೆ ಹಿಂಡತೊಡಗಿದ. ನಮ್ಮ ಕಡೆಯ ಗಂಡಸರಿಗೆ ಕಣ್ಣು ಹೋದರೂ ನಡೆದೀತು, ಮುಂದಿನ ಜಾಗ ಹೋಗಬಾರದು. ಅದರಲ್ಲೂ ಈಗ ಅವನ ಹಿಂದಿನ ಸೈಕಲ್ಲು ಅಳಿಯನದು. ಅಕ್ಕನ ಮಗ ಮೌನೇಶ. ಚಿಕ್ಕಂದಿನಿಂದ “ಲೇ ಮೌನ್ಯಾ” ಎಂದು ಕರೆದವನನ್ನು ಮಗಳನ್ನು ಕೊಟ್ಟ ದಿನದಿಂದ “ಮೌನೇಶಪ್ಪಾ, ಬರ್ರಿ” ಎನ್ನತೊಡಗಿದ್ದ. ಅಳಿಯನ ಎದುರು ತನಗೆ ಕಾಣುವುದಿಲ್ಲ ಎಂದು ಯಾವ ಬಾಯಲ್ಲಿ ಹೇಳುವುದು? ಆ ಅಳಿಯನೋ, “ಮಾವ ಮುಂದ ಇದ್ರ ನನಗ ಹಾದಿ ನೋಡೋ ಕೆಲಸ ಇಲ್ಲ, ಅವರ ಹಿಂದಿನ ಗಾಲಿ ನೋಡಿದ್ರ ಸಾಕು” ಎಂದು ಮಿಲ್ಲಿನ ತುಂಬ ಹೇಳಿಕೊಂಡು ತಿರುಗುತ್ತಿದ್ದ.

“ಆ ಸಾಲಿನಾಗ ನನ್ನ ಮಗಳ ತಾಳಿ ಐತಿ” ಎಂದಳು ಭರಮಮ್ಮ. “ನೀವು ಹೇಳ್ತೀರೋ, ನಾನು ಹೇಳ್ಲೋ?”

“ಹೇಳ್ತೀನಿ ತಡಿ. ಸುಗ್ಗಿ ಮುಗೀಲಿ.”

ಹತ್ತಿಯ ಸುಗ್ಗಿ ಮುಗಿಯಲು ಇನ್ನೂ ಎರಡು ತಿಂಗಳಿತ್ತು. ಅಷ್ಟು ದಿನ ಹೇಗೋ ದಾಟಿಸಬಹುದೆಂದು ಗಾದಿಲಿಂಗ ಲೆಕ್ಕ ಹಾಕಿದ್ದ. ಒಂಬತ್ತು ವರ್ಷ ತುಳಿದ ಹಾದಿ, ಕಣ್ಣಿಗಿಂತ ಮೈಗೇ ಹೆಚ್ಚು ಗೊತ್ತಿತ್ತು. ಇಳಿಜಾರು ಬಂದರೆ ಪೆಡಲು ಹಗುರಾಗುತ್ತದೆ, ಸೇತುವೆ ಬಂದರೆ ಗಾಳಿ ತಣ್ಣಗಾಗುತ್ತದೆ, ಡಾಂಬರಿನ ಅಂಚಿಗೆ ಹೋದರೆ ಟೈರಿನ ಸದ್ದು ಬದಲಾಗುತ್ತದೆ. ಗುಂಡಿಗಳೂ ಬಾಯಿಪಾಠವಾಗಿದ್ದವು. ಆದರೆ ಒಂದು ದಿನ ಪಿಡಬ್ಲ್ಯೂಡಿಯವರು ಒಂದು ಗುಂಡಿ ಮುಚ್ಚಿಬಿಟ್ಟಿದ್ದರು. ಇವನು ರೂಢಿಯಂತೆ “ಗುಂಡಿ!” ಎಂದು ಕೂಗಿದ. ಮೂರನೆಯ ಸೈಕಲ್ಲಿನ ನಾಗಪ್ಪನದು ಮೊದಲೇ ಚುರುಕು ನಾಲಿಗೆ. “ಎಲ್ಲೈತೋ ಗಾದಿಲಿಂಗಣ್ಣ ಗುಂಡಿ? ಕನಸಿನಾಗ ಬಂದಿತ್ತೇನು?” ಎಂದ. ಸಾಲಿನ ತುಂಬ ನಗು ಹರಿದುಹೋಯಿತು. ಆ ನಗು ಗಾದಿಲಿಂಗನಿಗೆ ಎದೆಯಲ್ಲಿ ಮುಳ್ಳಾಗಿ ಕೂತಿತು.

ಜನವರಿಯ ಅಮಾವಾಸ್ಯೆಯ ರಾತ್ರಿ. ಮಿಲ್ಲು ಬಿಟ್ಟಿತು. ಎಂಟು ಮಂದಿಯೂ ತಲೆಗೆ ಟವೆಲು ಸುತ್ತಿಕೊಂಡು ಊರೊಳಗಿನಿಂದ ಸಾಲಾಗಿ ಹೊರಟರು. ಬಸ್‌ ಸ್ಟ್ಯಾಂಡಿನ ಮುಂದಿನ ಚಹಾ ಅಂಗಡಿಯವನು ಬಾಗಿಲು ಎಳೆಯುತ್ತಿದ್ದ. ಊರೊಳಗೆ ಗಾದಿಲಿಂಗನಿಗೆ ಭಯವಿರಲಿಲ್ಲ; ಬೀದಿದೀಪ ಇದ್ದಷ್ಟು ದೂರ ಅವನೂ ಎಲ್ಲರಂತೆಯೇ. ತೆಲಿಗಿಗೆ ಹೋಗುವ ಹರಿಹರದ ಹಾದಿಯ ಕೊನೆಯ ದೀಪದ ಕಂಬ ದಾಟಿದ ಕೂಡಲೆ ಹ್ಯಾಂಡಲಿನ ಮೇಲೆ ಬಗ್ಗಿ ತುಳಿಯತೊಡಗಿದ. ಈಚೆಗೆ ದಿನವೂ ಹೀಗೆಯೇ. ಮುಂದೆ ದೀಪದ ಬೆಳಕು ಬೀಳುತ್ತಿತ್ತು, ಆದರೆ ಅದು ಬಿದ್ದ ಕಡೆ ಏನಿದೆಯೆಂದು ಅವನಿಗೆ ಹೊಗೆಯೊಳಗೆ ನೋಡಿದ ಹಾಗೆ ಕಾಣುತ್ತಿತ್ತು.

ಮೊದಲ ಸೇತುವೆ ಬಂತು. ಬೆಲ್ಲುಗಳು ಒಂದಾದ ಮೇಲೊಂದು ಹೊಡೆದವು. ಏಳು. ಬಾಲದ ತುದಿಯಲ್ಲಿದ್ದ ಹುಲುಗಣ್ಣನದು ಗಂಟಲು ಕಟ್ಟಿದ ಬೆಲ್ಲು, ಅದು ಕೇಳಿದ ಮೇಲೆ ಗಾದಿಲಿಂಗ ಉಸಿರು ಬಿಟ್ಟ.

ಎದುರಿನಿಂದ ಒಂದು ಲಾರಿ ಬಂದು ಹೋಯಿತು. ಅದರ ಬೆಳಕು ಕಣ್ಣಿಗೆ ಹೊಡೆದ ಮೇಲೆ ಉಳಿದದ್ದೂ ಹೋಯಿತು. ಕತ್ತಲು ಕೂಡ ಕಾಣದಷ್ಟು ಕತ್ತಲು. ಗಾದಿಲಿಂಗ ಟೈರಿನ ಸದ್ದನ್ನು ನಂಬಿ ತುಳಿದ. ಇನ್ನು ಏರು, ಏರಾದ ಮೇಲೆ ನೆಟ್ಟಗೆ, ಆಮೇಲೆ ಎಡಕ್ಕೆ ತಿರುವು ಎಂದು ಮನಸ್ಸಿನಲ್ಲೇ ಹೇಳಿಕೊಂಡ.

ಆ ಮಧ್ಯಾಹ್ನ ಆ ನೆಟ್ಟಗಿನ ಹಾದಿಯಲ್ಲಿ ತುಂಬಿದ ಲಾರಿಯೊಂದು ಕೆಟ್ಟು ನಿಂತಿತ್ತು. ಡ್ರೈವರು ಎಲ್ಲರಂತೆ ಹಿಂದೆ ಮುಂದೆ ತಲೆಗಾತ್ರದ ಕಲ್ಲುಗಳನ್ನಿಟ್ಟು, ಸೊಪ್ಪಿನ ಕೊಂಬೆ ಸಿಕ್ಕಿಸಿ, ರಿಪೇರಿ ಮಾಡಿಸಿಕೊಂಡ. ಎಲ್ಲರಂತೆಯೇ ಕಲ್ಲುಗಳನ್ನು ಅಲ್ಲೇ ಬಿಟ್ಟು ಹೋದ. ಕಲ್ಲು ಸರಿಸಿದ್ದರೆ ಇಂಥವರ ಕೈ ಏನು ಸವೆಯುತ್ತಿತ್ತೋ ಕಾಣೆ.

ಗಾದಿಲಿಂಗನ ಮುಂದಿನ ಗಾಲಿ ಒಂದು ಕಲ್ಲಿನ ಅಂಚನ್ನು ಸವರಿತು. ಹ್ಯಾಂಡಲು ಜಗ್ಗಿತು, ಸೈಕಲ್ಲು ಓಲಾಡಿತು, ಮತ್ತೆ ನೆಟ್ಟಗಾಯಿತು. ಕೂಗಬೇಕಿತ್ತು. ನಾಲಿಗೆ ತುದಿಗೆ ಬಂದೂ ಇತ್ತು. ಅದು ಕಲ್ಲೋ, ಸೊಪ್ಪೋ, ಏನೂ ಅಲ್ಲವೋ? ಕೂಗಿ ಏನೂ ಇಲ್ಲದಿದ್ದರೆ ನಾಗಪ್ಪ ಮತ್ತೆ ನಗುತ್ತಾನೆ. ಅಳಿಯನೂ ನಗುತ್ತಾನೆ. ಒಂದು ಉಸಿರಿನಷ್ಟು ಹೊತ್ತು ಗಾದಿಲಿಂಗ ಬಾಯಿ ಮುಚ್ಚಿಕೊಂಡ.

ಅಷ್ಟರಲ್ಲಿ ಹಿಂದೆ ಧಡ್ ಎಂದು ಸದ್ದಾಯಿತು. ಮಾವನ ಗಾಲಿಯನ್ನೇ ನೋಡುತ್ತ ಬಂದ ಮೌನೇಶ ಕಲ್ಲಿಗೆ ನೇರ ಹೊಡೆದು ರಸ್ತೆಯ ನಟ್ಟನಡುವಿಗೆ ಹಾರಿಬಿದ್ದ. ಅವನ ಮೇಲೆ ನಾಗಪ್ಪ, ನಾಗಪ್ಪನ ಮೇಲೆ ಇನ್ನಿಬ್ಬರು. ಉಳಿದವರು ಗಾಬರಿಯಲ್ಲಿ ಡಾಂಬರಿನ ಮೇಲೆಯೇ ಕಾಲೂರಿದರು. ಗಾಲಿಗಳು ನಿಂತವು, ದೀಪಗಳು ಆರಿದವು.

“ಲೇ ಮೌನ್ಯಾ!” ಎಂದು ಗಾದಿಲಿಂಗ ಚೀರಿದ.

“ಮಾವಾ, ಭುಜ ಮುರೀತು... ಏಳಾಕ ಬರವಲ್ದು, ಕಾಲು ಸೈಕಲ್‌ನಾಗ ಸಿಕ್ಕೈತಿ!”

ಎದುರಿನಿಂದ ಗುಡುಗಿನಂಥ ಸದ್ದು ಹತ್ತಿರವಾಗುತ್ತಿತ್ತು. ಖಾಲಿ ಲಾರಿ, ತೊಟ್ಟಿಯ ತಗಡು ದಡದಡ ಬಡಿಯುತ್ತಿತ್ತು. ತಿರುವಿನಾಚೆ ಅದರ ಬೆಳಕು ಎದ್ದಿತು. ಓಡಿಹೋಗಿ ಅಳಿಯನನ್ನು ಎಳೆಯೋಣವೆಂದರೆ ಅವನು ಎಲ್ಲಿ ಬಿದ್ದಿದ್ದಾನೆಂಬುದೇ ಗಾದಿಲಿಂಗನಿಗೆ ಕಾಣದು. ಕೈಗೆ ಗೊತ್ತಿದ್ದದ್ದು ತನ್ನ ಸೈಕಲ್ಲು ಒಂದೇ. ಅದನ್ನು ರಸ್ತೆಯ ನಡುವಿಗೆ ಎಳೆದ, ಲಾರಿಯ ಕಡೆ ಮುಖ ಮಾಡಿ ಸ್ಟ್ಯಾಂಡ್ ಹಾಕಿದ. ಹಿಂದಿನ ಗಾಲಿ ನೆಲ ಬಿಟ್ಟು ಎದ್ದಿತು. ಸೀಟಿನ ಮೇಲೆ ಕೂತು ಪ್ರಾಣಭಯದಿಂದ ಪೆಡಲು ತುಳಿದ. ಹಿಂದಿನ ಗಾಲಿಗೆ ಒತ್ತಿದ್ದ ಡೈನಮೋ ಕೊಯ್ ಎಂದಿತು, ನಿಂತಲ್ಲೇ ದೀಪ ಹೊತ್ತಿತು.

ಲಾರಿಯ ಬೆಳಕು ಮುಖಕ್ಕೆ ಹೊಡೆದಾಗ ಅವನಿಗೆ ಲೋಕವೆಲ್ಲ ಬೆಳ್ಳಗಾಯಿತು. ಹಿಂದೆ ಹುಲುಗಣ್ಣ “ಎಳೀರಲೇ, ಎಳೀರಿ!” ಎಂದು ಕೂಗುತ್ತಿದ್ದ. ಯಾರನ್ನು ಎಳೆದರು, ಯಾರು ಉಳಿದರು, ಏನೂ ತಿಳಿಯದು. ತುಳಿದ. ಹಾರ್ನು ಕಿವಿ ಹರಿಯಿತು, ಬ್ರೇಕು ಕಿರುಚಿತು, ಕಾದ ರಬ್ಬರಿನ ವಾಸನೆ ಮೂಗಿಗೆ ಬಡಿಯಿತು. ಲಾರಿ ಅವನ ಬಲಮಗ್ಗುಲಿಗೆ ಮಣ್ಣಿಗಿಳಿದು, ಧೂಳೆಬ್ಬಿಸಿ, ಎರಡು ಮಾರು ಆಚೆ ನಿಂತಿತು. ಡ್ರೈವರು ಎಂಟು ಮಂದಿಯ ತಾಯಂದಿರನ್ನೂ ಸಾಲಾಗಿ ಬೈದು ಹೊರಟುಹೋದ.

ಎಲ್ಲರೂ ಉಳಿದಿದ್ದರು. ಮೌನೇಶನ ಭುಜದ ಎಲುಬು ಮುರಿದಿತ್ತು, ನಾಗಪ್ಪನ ಗಲ್ಲ ಒಡೆದಿತ್ತು. ಹುಲುಗಣ್ಣ ಟವೆಲಿನಿಂದ ಮೌನೇಶನ ಕೈಯನ್ನು ಕೊರಳಿಗೆ ಕಟ್ಟಿದ. ಆಮೇಲೆ ಎಲ್ಲರೂ ಬಂದು ಗಾದಿಲಿಂಗನ ಮೈ ಮುಟ್ಟಿ ಮುಟ್ಟಿ ನೋಡಿದರು.

“ನೀನು ಮನುಷ್ಯ ಅಲ್ಲ ಬಿಡಣ್ಣ, ದೇವ್ರು” ಎಂದ ನಾಗಪ್ಪ. ಗಲ್ಲದ ರಕ್ತ ಒರೆಸಿಕೊಳ್ಳುತ್ತಲೇ ಅಳುತ್ತಿದ್ದ. “ನೀನು ಇಲ್ದಿದ್ರ ಇಷ್ಟೊತ್ತಿಗೆ ನಮ್ಮ ಹೆಣ ಬಿದ್ದಿರ್ತಿದ್ವು.”

“ನಮ್ಮ ಮಾವ ರೀ” ಎಂದ ಮೌನೇಶ, ನೋವಿನಲ್ಲೂ.

ಅಲ್ಲಿಗೆ ಸುಮ್ಮನಿದ್ದರೆ ಮುಗಿದುಹೋಗುತ್ತಿತ್ತು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗದೆ ಉಳಿಯುತ್ತಿತ್ತು. ಮಣ್ಣಾಗುವುದಿರಲಿ, ಇನ್ನೊಂದು ಸುತ್ತು ತಿರುವಿಕೊಳ್ಳುವಷ್ಟು ಹುರಿಯಾಗುತ್ತಿತ್ತು. ಆದರೆ ಆ “ನಮ್ಮ ಮಾವ” ಅನ್ನುವುದನ್ನು ಗಾದಿಲಿಂಗನಿಂದ ತಡೆಯಲಾಗಲಿಲ್ಲ.

“ನನಗ ರಾತ್ರಿ ಕಣ್ಣು ಕಾಣಂಗಿಲ್ಲ” ಎಂದ. “ಮೂರು ತಿಂಗಳಾತು. ಕಲ್ಲು ಕಂಡಿಲ್ಲ. ಆದ್ರ ಹ್ಯಾಂಡಲ್ ಜಗ್ಗಿದ್ದು ಗೊತ್ತಾಗಿತ್ತು. ಕೂಗಿದ್ರ ನಗ್ತೀರಿ ಅಂತ ಬಾಯಿ ಬಿಡಲಿಲ್ಲ.”

ಮೈ ಸವರುತ್ತಿದ್ದ ಕೈಗಳು ಹಿಂದಕ್ಕೆ ಸರಿದವು. ಮೊದಲು ನಾಗಪ್ಪನೇ ಬಾಯಿ ತೆರೆದ. ಈಗ ಅವನ ದನಿಯಲ್ಲಿ ಅಳುವಿರಲಿಲ್ಲ.

“ಮೂರು ತಿಂಗಳು ನಿನ್ನ ಬೆನ್ನಿಗೆ ನಮ್ಮ ಹೆಂಡ್ರು ಮಕ್ಕಳನ್ನ ಕಟ್ಟಿ ಬಂದೀವಲ್ಲೋ.”

ಮೌನೇಶ ಮಾವನ ಪಕ್ಕದಿಂದ ಆಚೆ ಸರಿದ, ಅದು ನಾಗಪ್ಪನ ಮಾತಿಗಿಂತ ಹೆಚ್ಚು ಚುಚ್ಚಿತು. ಹುಲುಗಣ್ಣ ಮಾತ್ರ ಬಗ್ಗಿ ಒಂದೊಂದೇ ಕಲ್ಲನ್ನು ಎತ್ತಿ ಹಳ್ಳಕ್ಕೆ ಎಸೆದ. ಎಲ್ಲ ಮುಗಿಸಿ ಕೈ ಒರೆಸಿಕೊಂಡು, “ನಿನ್ನ ಸೈಕಲ್ಲು ಇತ್ಲಾಗ ಕೊಡು, ಅದರ ದೀಪ ಜೋರೈತಿ. ಮುಂದ ನಾನು ಹೋಗ್ತೀನಿ. ನೀನು ನಡುವ ಇರು” ಎಂದ.

ಮೌನೇಶನ ಸೈಕಲ್ಲಿನ ಗಾಲಿ ಚಪಾತಿಯಾಗಿತ್ತು. ಅದನ್ನು ಬೇಲಿಯ ಮರೆಗೆ ಒರಗಿಸಿದರು. ಅವನನ್ನು ನಾಗಪ್ಪ ತನ್ನ ಕ್ಯಾರಿಯರಿನ ಮೇಲೆ ಕೂರಿಸಿಕೊಂಡ. ಅವರಿಬ್ಬರ ಮುಂದೆ, ಸಾಲಿನ ಮೂರನೆಯವನಾಗಿ, ಹುಲುಗಣ್ಣನ ಸೈಕಲ್ಲಿನ ಮೇಲೆ ಗಾದಿಲಿಂಗ.

ಹೊರಟರು. ಒಂಬತ್ತು ವರ್ಷದಲ್ಲಿ ಅವನು ಇನ್ನೊಬ್ಬರ ಬೆನ್ನು ನೋಡಿರಲಿಲ್ಲ, ಈಗ ನೋಡಿದರೂ ಕಾಣುತ್ತಿರಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ಮುಂದಿನಿಂದ ಹುಲುಗಣ್ಣನ ಕೂಗು ಬಂತು: “ಗುಂಡಿ! ಎಡಕ್ಕ!” ಎರಡನೆಯವನು ಅದನ್ನೇ ಕೂಗಿದ. ಗಾದಿಲಿಂಗನಿಗೆ ಗುಂಡಿ ಎಲ್ಲಿದೆ, ಎಡಕ್ಕೆ ಎಷ್ಟು ಜಾಗವಿದೆ ಒಂದೂ ತಿಳಿಯದು. ಒಂದು ಕೂಗನ್ನು ನಂಬಿ ಕತ್ತಲಿಗೆ ಹ್ಯಾಂಡಲು ತಿರುಗಿಸಬೇಕು. ಬೆರಳು ಬ್ರೇಕಿನ ಮೇಲೆ ಹೋಯಿತು. ಇದನ್ನೇ ಆ ಏಳು ಮಂದಿ ಮೂರು ತಿಂಗಳು, ದಿನಾ ರಾತ್ರಿ, ತನ್ನ ಮಾತು ಕೇಳಿ ಮಾಡಿದ್ದರು. ಒಬ್ಬರೂ ಬ್ರೇಕು ಹಿಡಿದಿರಲಿಲ್ಲ. ಅದು ಹೊಳೆದಾಗ ಅವನಿಗೆ ದುಃಖ ಒತ್ತರಿಸಿ ಬಂತು. ಹ್ಯಾಂಡಲು ಎಡಕ್ಕೆ ತಿರುಗಿಸಿದ. ಹಿಂದಿನ ಸೈಕಲ್ಲಿನಲ್ಲಿ ಮೌನೇಶನಿದ್ದ. ಹಿಂದಿನವರಿಗೆ ಕೇಳಲೇಬೇಕೆಂದು, ಗಾದಿಲಿಂಗ ಇದ್ದಷ್ಟು ದನಿಯೆತ್ತಿ “ಗುಂಡಿ! ಎಡಕ್ಕ!” ಎಂದು ಕೂಗಿದ.